ಟೈರಿಗೆ ಗಾಳಿ ಎಷ್ಟು?

ಪೆಟ್ರೋಲ್ ಬಂಕಿನ ಮೂಲೆಯಲ್ಲಿ ಗಾಳಿ ಹಾಕುವ ಹುಡುಗ ಕೊಳವೆ ಹಿಡಿದು ಬಂದು, "ಎಷ್ಟು ಹಾಕ್ಲಿ ಸಾರ್?" ಎಂದು ಕೇಳುತ್ತಾನೆ. ಕಾರಿನಲ್ಲಿ ಕುಳಿತ ನಿಮ್ಮ ತಂದೆಯವರೋ ಮಾವನವರೋ ಒಂದು ಕ್ಷಣ ಯೋಚಿಸಿ, "ಮೂವತ್ತೆರಡು ಹಾಕಪ್ಪಾ" ಎನ್ನುತ್ತಾರೆ. ಕೆಲವರು ಅಷ್ಟೂ ಯೋಚಿಸುವುದಿಲ್ಲ. "ಎಲ್ಲರಿಗೂ ಎಷ್ಟು ಹಾಕ್ತೀಯೋ ಅಷ್ಟೇ ಹಾಕು" ಎಂದುಬಿಡುತ್ತಾರೆ. ಈ ಮಾತುಕತೆಯನ್ನು ನೀವು ಎಷ್ಟೋ ಸಲ ಕೇಳಿದ್ದೀರಿ. ಆ ಮೂವತ್ತೆರಡು ಎಲ್ಲಿಂದ ಬಂತು, ಅದನ್ನು ಗೊತ್ತುಮಾಡಿದವರು ಯಾರು ಎಂದು ಎಂದಾದರೂ ಕೇಳಿಕೊಂಡಿದ್ದೀರಾ? ಅದರ ಹಿಂದೆ ಸುಮಾರು ನೂರ ಎಂಬತ್ತು ವರ್ಷಗಳ ಇತಿಹಾಸವಿದೆ. ಆ ಇತಿಹಾಸದಲ್ಲಿ ಆಟದ ಬಂಡಿಯೂ ಇದೆ, ಸಂಸತ್ತಿನ ವಿಚಾರಣೆಯೂ ಇದೆ, ನೂರಾರು ಜನರ ಸಾವೂ ಇದೆ.

ಮೊದಲು ನನ್ನ ತಪ್ಪೊಂದನ್ನು ಹೇಳಿಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ ಏಪ್ರಿಲ್ ತಿಂಗಳಲ್ಲಿ ಚಿತ್ರೀಕರಣಕ್ಕೆಂದು ಬಾಡಿಗೆ ಕಾರಿನಲ್ಲಿ ಚಿತ್ರದುರ್ಗಕ್ಕೆ ಹೊರಟಿದ್ದೆವು. ಬೆಳಿಗ್ಗೆ ಬೆಂಗಳೂರಿನಲ್ಲಿ ನಾಲ್ಕೂ ಟೈರುಗಳಲ್ಲಿ ಸರಿಯಾಗಿ 30 ಇತ್ತು. ಮಧ್ಯಾಹ್ನ ಹಿರಿಯೂರಿನ ಬಳಿ ಊಟಕ್ಕೆ ನಿಂತಾಗ, ಕೈಯಲ್ಲಿದ್ದ ಗೇಜು ಒತ್ತಿ ನೋಡಿದೆ. 35! ಬಿಸಿಲು ಕೆಂಡದಂತಿತ್ತು, ಟೈರು ಸಿಡಿದರೆ ಗತಿಯೇನು ಎಂದು ಹೆದರಿ, ವಾಲ್ವಿನ ಪಿನ್ನು ಒತ್ತಿ ಗಾಳಿ ಬಿಟ್ಟು 30ಕ್ಕೆ ತಂದೆ. ವಯಸ್ಸಾದ ಚಾಲಕರು, "ಬೇಡ ಸಾರ್, ಬಿಸಿ ಇದ್ದಾಗ ಗಾಳಿ ಬಿಡಬಾರ್ದು" ಎಂದರು. ನಾನು ಬಿ.ಎಸ್ಸಿ. ಓದಿದವನಲ್ಲವೇ, ಅವರ ಮಾತು ಕೇಳಲಿಲ್ಲ. ಮರುದಿನ ಬೆಳಗಿನ ತಂಪಿನಲ್ಲಿ ಗೇಜು ತೋರಿಸಿದ ಅಂಕಿ ಇಪ್ಪತ್ತೈದೂವರೆ. ಇದು ಹೇಗಾಯಿತು ಎಂಬುದಕ್ಕೆ ಆಮೇಲೆ ಬರೋಣ.

ಗಾಳಿ ತುಂಬಿದ ಚಕ್ರದ ಕಲ್ಪನೆ ಕಾರಿಗಿಂತ ಹಳೆಯದು. ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್ 1845ರಲ್ಲಿ ಅದಕ್ಕೆ ಪೇಟೆಂಟ್ ಪಡೆದಾಗ ಅವನಿಗೆ ಇಪ್ಪತ್ತಮೂರು ವರ್ಷ. ರಬ್ಬರು ಲೇಪಿಸಿದ ಬಟ್ಟೆಯ ಕೊಳವೆ, ಅದರ ಮೇಲೆ ಚರ್ಮದ ಹೊದಿಕೆ. 1847ರಲ್ಲಿ ಲಂಡನ್ನಿನ ರೀಜೆಂಟ್ಸ್ ಪಾರ್ಕಿನಲ್ಲಿ ಈ 'ಗಾಳಿ ಚಕ್ರ'ಗಳನ್ನು ಕಟ್ಟಿದ ಕುದುರೆ ಬಂಡಿ ಸದ್ದಿಲ್ಲದೆ ಓಡಿತು. ಒಂದು ಜೊತೆ ಚಕ್ರ ಸುಮಾರು 1,200 ಮೈಲಿ ಬಾಳಿಕೆ ಬಂತು. ಆದರೆ ಆಗ ಕಾರೂ ಇರಲಿಲ್ಲ, ಬೈಸಿಕಲ್ಲೂ ಇರಲಿಲ್ಲ, ತೆಳು ರಬ್ಬರು ದುಬಾರಿಯಾಗಿತ್ತು. ಜನ ಮೆಚ್ಚಿದರು, ಮರೆತರು. ಥಾಮ್ಸನ್ ಕೊನೆಗೆ ಗಾಳಿಯನ್ನು ಬಿಟ್ಟು, ಉಗಿಯಿಂದ ಓಡುವ ರಸ್ತೆ ಬಂಡಿಗೆ ಗಟ್ಟಿ ರಬ್ಬರಿನ ಟೈರು ಕಟ್ಟಿದ. ಆ ಬಂಡಿಗಳು 1870ರ ದಶಕದ ಆರಂಭದಲ್ಲಿ ನಮ್ಮ ದೇಶಕ್ಕೂ ಬಂದವು. ಪಂಜಾಬಿನ ಗ್ರ್ಯಾಂಡ್ ಟ್ರಂಕ್ ರಸ್ತೆಯಲ್ಲಿ ಅವನ್ನು ಓಡಿಸಲು ಶ್ರಮಿಸಿದ ಸೇನಾಧಿಕಾರಿಯ ಹೆಸರು ಕ್ರಾಂಪ್ಟನ್. ತಲೆಯೆತ್ತಿ ನಿಮ್ಮ ಮನೆಯ ಫ್ಯಾನು ನೋಡಿ. ಅದರ ಮೇಲೆ ಆ ಹೆಸರು ಕಂಡರೆ, ಅದು ಇವನದೇ!

ಗಾಳಿ ಟೈರು ಎರಡನೆಯ ಬಾರಿ ಹುಟ್ಟಿದ್ದು ಬೆಲ್‌ಫಾಸ್ಟ್ ನಗರದಲ್ಲಿ, ಜಾನ್ ಬಾಯ್ಡ್ ಡನ್‌ಲಪ್ ಎಂಬ ಪಶುವೈದ್ಯನ ಹಿತ್ತಿಲಿನಲ್ಲಿ. 1887ರಲ್ಲಿ ಮಗನ ಮೂರು ಚಕ್ರದ ಸೈಕಲ್ಲು ಕಲ್ಲುಹಾಸಿನ ಬೀದಿಯಲ್ಲಿ ಗಡಗಡ ಎನ್ನುವುದನ್ನು ಕಂಡು, ಅವನು ಮರದ ಬಿಲ್ಲೆಯ ಸುತ್ತ ರಬ್ಬರು ಕೊಳವೆ ಸುತ್ತಿ, ಬಟ್ಟೆ ಹೊದಿಸಿ, ಫುಟ್‌ಬಾಲ್ ಪಂಪಿನಿಂದ ಗಾಳಿ ತುಂಬಿದ. ಅಂಗಳದಲ್ಲಿ ಎರಡು ಚಕ್ರಗಳನ್ನು ಉರುಳಿಸಿದ. ಗಟ್ಟಿ ಚಕ್ರ ನಡುವೆಯೇ ಬಿದ್ದರೆ, ಗಾಳಿಯದು ಅಂಗಳ ದಾಟಿ ಓಡಿತು. 1888ರಲ್ಲಿ ಪೇಟೆಂಟ್ ಸಿಕ್ಕಿತು. ಎರಡೇ ವರ್ಷಕ್ಕೆ, ಥಾಮ್ಸನ್ ಇದನ್ನು ಮೊದಲೇ ಕಂಡುಹಿಡಿದಿದ್ದಾನೆ ಎಂದು ಅದು ರದ್ದಾಯಿತು. ಆದರೂ ಹೆಸರು ಉಳಿದದ್ದು ಡನ್‌ಲಪ್‌ನದೇ. ಚರಿತ್ರೆ ಯಾವಾಗಲೂ ಮೊದಲಿಗನಿಗೆ ಮಣೆ ಹಾಕುವುದಿಲ್ಲ.

ಗಮನಿಸಿ, ಇಲ್ಲಿಯ ತನಕ ಯಾರೂ 'ಎಷ್ಟು ಗಾಳಿ' ಎಂದು ಕೇಳಿಲ್ಲ. ಹೆಬ್ಬೆರಳಿನಿಂದ ಒತ್ತಿ ನೋಡಿ ಗಟ್ಟಿ ಎನಿಸಿದರೆ ಸಾಕಿತ್ತು. ಸೈಕಲ್ಲಿಗೆ ನಾವು ಈಗಲೂ ಮಾಡುವುದು ಅದನ್ನೇ. ಕಾರು ಬಂದ ಮೇಲೆ ಈ ಹೆಬ್ಬೆರಳಿನ ವಿಜ್ಞಾನ ಸಾಲದಾಯಿತು. 1895ರ ಪ್ಯಾರಿಸ್-ಬೋರ್ಡೋ-ಪ್ಯಾರಿಸ್ ಪಂದ್ಯದಲ್ಲಿ ಫ್ರಾನ್ಸಿನ ಮಿಷಲಿನ್ ಸೋದರರು, ಆಂದ್ರೆ ಮತ್ತು ಎದುವಾರ್, ಗಾಳಿ ಟೈರಿನ ಕಾರನ್ನು ತಾವೇ ಓಡಿಸಿದರು. ಸುಮಾರು 1,180 ಕಿಲೋಮೀಟರ್ ದಾರಿಯಲ್ಲಿ ಪಂಕ್ಚರಿನ ಮೇಲೆ ಪಂಕ್ಚರು. ಮೊದಲು ಗುರಿ ಮುಟ್ಟಿದ ಎಮಿಲ್ ಲೆವಾಸ್ಸೋರ್ ಓಡಿಸಿದ್ದು ಗಟ್ಟಿ ರಬ್ಬರಿನ ಚಕ್ರಗಳ ಕಾರನ್ನು. ಆದರೂ ಗಾಳಿಯ ಮೇಲೆ ಕಾರು ನಿಲ್ಲಬಲ್ಲದು ಎಂಬುದು ಅಂದು ಸಿದ್ಧವಾಯಿತು. ಇದೇ ಹೊತ್ತಿಗೆ, 1890ರ ದಶಕದಲ್ಲಿ, ನ್ಯೂಯಾರ್ಕಿನ ಆಗಸ್ಟ್ ಶ್ರೇಡರ್ ಒಂದು ಪುಟ್ಟ ವಾಲ್ವು ರೂಪಿಸಿದ. ಒಳಗೆ ಸ್ಪ್ರಿಂಗು, ನಡುವೆ ಪಿನ್ನು. ಇಂದು ನಿಮ್ಮ ಮನೆಯ ಕಾರಿನಲ್ಲಿಯೂ ಬೈಕಿನಲ್ಲಿಯೂ ಇರುವುದು ಆ ಮಾದರಿಯದೇ. ಈ ವಾಲ್ವಿನಿಂದಾಗಿ ಗಾಳಿ ಹೆಚ್ಚು ಸೋರದಂತೆ ಗೇಜು ಒತ್ತಿ ಅಳೆಯಬಹುದಾಯಿತು.

ಅಳತೆ ಬಂದ ಮೇಲೆ ಸೂತ್ರವೂ ಬಂತು. ಟೈರು ಎಷ್ಟು ಇಂಚು ದಪ್ಪವೋ ಅದನ್ನು ಇಪ್ಪತ್ತರಿಂದ ಗುಣಿಸು ಎಂಬುದು ಆಗಿನ ಗ್ಯಾರೇಜುಗಳ ಲೆಕ್ಕ. ಮೂರು ಇಂಚಿನ ಟೈರಿಗೆ 60 ಪೌಂಡು, ನಾಲ್ಕು ಇಂಚಿನದಕ್ಕೆ 80. ಇಲ್ಲಿ ಪೌಂಡು ಎಂದರೆ ಚದರ ಇಂಚಿನ ಮೇಲೆ ಬೀಳುವ ಪೌಂಡು, ನಾವು ಪಿಎಸ್‌ಐ ಎನ್ನುವುದು. ಇಂದಿನ ಲೆಕ್ಕದಲ್ಲಿ ಇದು ಕಲ್ಲಿನಂಥ ಟೈರು. ಅಷ್ಟು ಗಟ್ಟಿ ಏಕೆ ಬೇಕಿತ್ತು? ಆಗ ಟೈರಿನ ಒಳಮೈ ಹೆಣೆದ ಕ್ಯಾನ್ವಾಸ್ ಬಟ್ಟೆಯದು. ಟೈರು ಬಾಗಿದಾಗಲೆಲ್ಲ ಅಡ್ಡನೂಲು ಉದ್ದನೂಲಿಗೆ ಉಜ್ಜಿ ಬಿಸಿಯಾಗಿ ಹರಿದುಹೋಗುತ್ತಿತ್ತು. ಬಾಗದಂತೆ ಬಿಗಿಯಾಗಿ ಗಾಳಿ ತುಂಬುವುದೊಂದೇ ಉಪಾಯ. ಮುಂದೆ ನೂಲುಗಳನ್ನು ಹೆಣೆಯದೆ ಪಕ್ಕಪಕ್ಕದಲ್ಲಿ ಜೋಡಿಸಿ ರಬ್ಬರಿನಲ್ಲಿ ಅದ್ದುವ ವಿಧಾನ ಬಂತು. ಉಜ್ಜಾಟ ತಪ್ಪಿತು. ಟೈರು ಬಾಗಿದರೂ ಬಾಳುವಂತಾಯಿತು. 1923ರಲ್ಲಿ ಅಮೆರಿಕದ ಫೈರ್‌ಸ್ಟೋನ್ ಕಂಪನಿ 'ಬಲೂನ್' ಟೈರನ್ನೂ ಮಿಷಲಿನ್ ಸೋದರರು 'ಕಂಫರ್ಟ್' ಟೈರನ್ನೂ ಪೇಟೆಗೆ ತಂದರು. ಟೈರು ದಪ್ಪವಾಯಿತು, ಒತ್ತಡ ಸರಿಸುಮಾರು ಅರ್ಧಕ್ಕಿಳಿಯಿತು. ನಮ್ಮ 'ಮೂವತ್ತರ ಆಸುಪಾಸು' ಎಂಬ ಅಂಕಿಯ ಬೇರು ಇಲ್ಲಿದೆ.

ಟೈರು ಅಗಲವಾದರೆ ಒತ್ತಡ ಏಕೆ ಕಡಿಮೆ ಸಾಕು ಎನ್ನುವಿರಾ? ಒಂದು ಸಣ್ಣ ಲೆಕ್ಕ ಮಾಡಿ. ಜನ ಕುಳಿತ ಕಾರಿನ ತೂಕ 1,200 ಕಿಲೋ ಎನ್ನಿ. ಒಂದು ಚಕ್ರದ ಪಾಲು 300 ಕಿಲೋ. 30 ಪಿಎಸ್‌ಐ ಎಂದರೆ ಚದರ ಸೆಂಟಿಮೀಟರಿಗೆ ಸುಮಾರು 2.1 ಕಿಲೋ. ಆ 300ನ್ನು ಹೊರಬೇಕಾದರೆ ಟೈರು ನೆಲವನ್ನು ಸುಮಾರು 143 ಚದರ ಸೆಂಟಿಮೀಟರಿನಷ್ಟು ಮುಟ್ಟಬೇಕು. ಬೆರಳುಗಳೂ ಸೇರಿ ನಿಮ್ಮ ಒಂದು ಅಂಗೈಯಷ್ಟು. ಟೈರಿನ ಗೋಡೆಯೂ ಸ್ವಲ್ಪ ಭಾರ ಹೊರುವುದರಿಂದ ಇದು ಅಂದಾಜಿನ ಲೆಕ್ಕವೇ ಸರಿ. ಆದರೂ ನಾಲ್ಕು ಅಂಗೈಗಳ ಮೇಲೆ ಒಂದು ಸಂಸಾರ ಗಂಟೆಗೆ ನೂರು ಕಿಲೋಮೀಟರ್ ವೇಗದಲ್ಲಿ ಹೋಗುತ್ತಿದೆ ಎಂಬುದನ್ನು ನೆನೆದುಕೊಳ್ಳಿ. ಗಾಳಿ ಹೆಚ್ಚಾದರೆ ಅಂಗೈ ಕುಗ್ಗುತ್ತದೆ, ಹಿಡಿತ ಕಡಿಮೆಯಾಗುತ್ತದೆ, ಟೈರಿನ ನಡುಭಾಗ ಸವೆಯುತ್ತದೆ. ಕಡಿಮೆಯಾದರೆ ಅಂಚುಗಳು ಸವೆಯುತ್ತವೆ, ಪೆಟ್ರೋಲು ಹೆಚ್ಚು ಕುಡಿಯುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಉರುಳಿದಷ್ಟು ಸಲವೂ ಟೈರಿನ ಗೋಡೆ ಹೆಚ್ಚು ಬಾಗಿ ಒಳಗೊಳಗೇ ಬೇಯುತ್ತದೆ. ಈ ಕೊನೆಯ ಮಾತನ್ನು ನೆನಪಿನಲ್ಲಿಡಿ.

1946ರಲ್ಲಿ ಮಿಷಲಿನ್ ಕಂಪನಿ ರೇಡಿಯಲ್ ಟೈರಿಗೆ ಪೇಟೆಂಟ್ ಪಡೆಯಿತು. ಟೈರಿನ ಗೋಡೆ ಮೆತ್ತಗೆ, ನೆಲ ಮುಟ್ಟುವ ಪಟ್ಟಿಯ ಕೆಳಗೆ ಉಕ್ಕಿನ ತಂತಿ. ಬಹಳ ಒಳ್ಳೆಯ ಟೈರು, ಆದರೆ ಸರಿಯಾಗಿ ಗಾಳಿ ಇದ್ದರೂ ಬುಡದಲ್ಲಿ ಉಬ್ಬಿಕೊಂಡು ಗಾಳಿ ಇಲ್ಲದಂತೆ ಕಾಣುತ್ತದೆ. ಕಣ್ಣಿನಿಂದ ನೋಡಿ, ಕಾಲಿನಿಂದ ಒದ್ದು ಗಾಳಿ ಅಂದಾಜು ಮಾಡುವ ಕಾಲ ಅಲ್ಲಿಗೆ ಮುಗಿಯಿತು. ಒದೆಯುವ ಅಭ್ಯಾಸ ಮಾತ್ರ ಉಳಿದಿದೆ!

ಈಗ ಕಥೆಯ ಗಂಭೀರ ಭಾಗಕ್ಕೆ ಬನ್ನಿ. 1960ರ ಮಾದರಿಯಾಗಿ ಜನರಲ್ ಮೋಟಾರ್ಸ್ ಕಂಪನಿ ಷೆವರ್ಲೆ ಕಾರ್ವೇರ್ ಎಂಬ ಕಾರನ್ನು ಮಾರುಕಟ್ಟೆಗೆ ತಂದಿತು. ಅದರ ಎಂಜಿನ್ ಹಿಂದುಗಡೆ, ಹಾಗಾಗಿ ಹಿಂದೆಯೇ ಹೆಚ್ಚು ತೂಕ. ಹಿಂದಿನ ಅಚ್ಚಿನ ರಚನೆಯಿಂದಾಗಿ ತಿರುವಿನಲ್ಲಿ ವೇಗವಾಗಿ ಹೋದರೆ ಕಾರಿನ ಹಿಂಭಾಗ ಹೊರಕ್ಕೆ ಜಾರುವ ಅಪಾಯವಿತ್ತು. ಕಂಪನಿ ಇದಕ್ಕೆ ಹೇಳಿದ ಉಪಾಯಗಳಲ್ಲೊಂದು ಗಾಳಿಯದು. ತಣ್ಣಗಿರುವಾಗ ಮುಂದಿನ ಟೈರಿಗೆ 15 ಪಿಎಸ್‌ಐ, ಹಿಂದಿನದಕ್ಕೆ 26. ಮುಂದಿನ ಟೈರು ಮೆತ್ತಗಿದ್ದರೆ ಅದು ಸ್ಟಿಯರಿಂಗಿಗೆ ತುಸು ಸೋಮಾರಿಯಾಗಿ ತಿರುಗುತ್ತದೆ, ಹಿಂಭಾಗ ಜಾರುವುದಕ್ಕೆ ಮುಂಚೆ ಮುಂಭಾಗ ಜಾರುತ್ತದೆ. ಮುಂಭಾಗ ಜಾರಿದರೆ ಸಾಮಾನ್ಯ ಚಾಲಕನೂ ಸುಧಾರಿಸಿಕೊಳ್ಳಬಲ್ಲ.

ಭೌತಶಾಸ್ತ್ರದ ದೃಷ್ಟಿಯಿಂದ ಇದು ಜಾಣ ಉಪಾಯ. ಆದರೆ ಬಂಕಿನ ಹುಡುಗನನ್ನು ನೆನಪಿಸಿಕೊಳ್ಳಿ. ಅಮೆರಿಕದ ಬಂಕಿನಲ್ಲಿಯೂ ಅವನು ಎಲ್ಲ ಕಾರಿಗೂ ಹಾಕುವಷ್ಟನ್ನೇ ನಾಲ್ಕೂ ಚಕ್ರಕ್ಕೆ ಹಾಕಿದರೆ? ಆ ಹನ್ನೊಂದು ಅಂಕಿಯ ವ್ಯತ್ಯಾಸ ಅಲ್ಲೇ ಅಳಿಸಿಹೋಯಿತು. ರಾಲ್ಫ್ ನೇಡರ್ ಎಂಬ ತರುಣ ವಕೀಲ 1965ರಲ್ಲಿ ಬರೆದ 'ಅನ್‌ಸೇಫ್ ಅಟ್ ಎನಿ ಸ್ಪೀಡ್' ಪುಸ್ತಕದ ಮೊದಲ ಅಧ್ಯಾಯವೇ ಈ ಕಾರಿನದು. ಕಾರಿನ ರಚನೆಯ ಹೊಣೆಯನ್ನು ಮಾಲೀಕನ ಗೇಜಿನ ಮೇಲೆ ಹೊರಿಸುವುದು ಎಷ್ಟು ಸರಿ ಎಂಬ ಪ್ರಶ್ನೆ ದೇಶವನ್ನೇ ಅಲ್ಲಾಡಿಸಿತು. 1966ರಲ್ಲಿ ಅಮೆರಿಕದಲ್ಲಿ ವಾಹನ ಸುರಕ್ಷತೆಯ ಕಾಯಿದೆ ಬಂತು. ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಅಲ್ಲಿನ ಸರ್ಕಾರಿ ಸುರಕ್ಷತಾ ಸಂಸ್ಥೆ 1972ರಲ್ಲಿ ಕೊಟ್ಟ ವರದಿ, ಕಾರ್ವೇರ್ ತನ್ನ ಕಾಲದ ಅಂಥದೇ ಕಾರುಗಳಿಗಿಂತ ಹೆಚ್ಚು ಅಪಾಯಕಾರಿಯೇನಲ್ಲ ಎಂದಿತು. ವಾದ ಇನ್ನೂ ಮುಗಿದಿಲ್ಲ. ನನಗನಿಸುವುದಿಷ್ಟು: ತಜ್ಞನಿಗೆ ಮಾತ್ರ ಅರ್ಥವಾಗುವ ಅಂಕಿಯೊಂದನ್ನು ಪುಸ್ತಿಕೆಯಲ್ಲಿ ಅಚ್ಚು ಹಾಕಿ ಕೈತೊಳೆದುಕೊಂಡರೆ ಅದು ಎಂಜಿನಿಯರಿಂಗ್ ಅಲ್ಲ.

ಆ ಪಾಠವನ್ನು ಎಲ್ಲರೂ ಕಲಿತರೆ? ಇಲ್ಲ. ಮೂವತ್ತೈದು ವರ್ಷಗಳ ಬಳಿಕ ಫೋರ್ಡ್ ಎಕ್ಸ್‌ಪ್ಲೋರರ್ ಎಂಬ ಎತ್ತರದ ಕಾರಿನ ಸರದಿ. ಅದಕ್ಕೆ ಹಾಕುತ್ತಿದ್ದುದು ಫೈರ್‌ಸ್ಟೋನ್ ಟೈರು. ಫೋರ್ಡ್ ಸೂಚಿಸಿದ ಒತ್ತಡ 26 ಪಿಎಸ್‌ಐ. ಟೈರು ಕಂಪನಿ 30 ಇರಲಿ ಎನ್ನುತ್ತಿತ್ತು. ಅರಿಜೋನಾ, ಟೆಕ್ಸಾಸ್, ಫ್ಲೋರಿಡಾದಂಥ ಬಿಸಿಲ ನಾಡಿನಲ್ಲಿ, ಹೆದ್ದಾರಿಯ ವೇಗದಲ್ಲಿ, ಟೈರಿನ ಹೊರಪಟ್ಟಿ ಉಕ್ಕಿನ ತಂತಿಯ ಪದರದೊಡನೆ ಕಿತ್ತು ಬರತೊಡಗಿತು. ಕಾರು ಮಗುಚುತ್ತಿತ್ತು. 2000ದ ಆಗಸ್ಟ್ 9ರಂದು ಸುಮಾರು 65 ಲಕ್ಷ ಟೈರುಗಳನ್ನು ಹಿಂದಕ್ಕೆ ಕರೆಸಿಕೊಳ್ಳಲಾಯಿತು. ಈ ಟೈರುಗಳೊಡನೆ ತಳುಕು ಹಾಕಿದ ಸಾವುಗಳು ಅಮೆರಿಕದಲ್ಲಿ 271 ಎಂದು ಸರ್ಕಾರಿ ಸಂಸ್ಥೆ ಲೆಕ್ಕ ಕೊಟ್ಟಿತು.

ತಪ್ಪು ಯಾರದು? ಟೈರೇ ಕೆಟ್ಟದ್ದು ಎಂದಿತು ಫೋರ್ಡ್. ಕಾರಿನ ರಚನೆ ಮತ್ತು 26ರ ಕಡಿಮೆ ಗಾಳಿ ಕಾರಣ ಎಂದಿತು ಫೈರ್‌ಸ್ಟೋನ್. ಗಾಳಿ ಕಡಿಮೆ ಇದ್ದರೆ ಟೈರು ಬೇಯುತ್ತದೆ ಎಂದು ಆಗಲೇ ಹೇಳಿದೆನಲ್ಲ. 26 ಅಂಥ ಕಡಿಮೆಯೇನಲ್ಲ, ಆದರೆ ಅದರಲ್ಲಿ ತಪ್ಪಿಗೆ ಜಾಗವಿರಲಿಲ್ಲ. 30ರಿಂದ ನಾಲ್ಕು ಸೋರಿದರೆ 26 ಉಳಿಯುತ್ತದೆ, 26ರಿಂದ ನಾಲ್ಕು ಸೋರಿದರೆ 22. ಅದರ ಮೇಲೆ ಬಿಸಿಲು, ಸಾಮಾನು, ವೇಗ. ಸರ್ಕಾರಿ ತನಿಖೆ ಟೈರಿನ ದೋಷವನ್ನೇ ಎತ್ತಿ ಹೇಳಿತು. ಕಾರಿನ ಬಗ್ಗೆಯೂ ತನಿಖೆ ಆಗಲಿ ಎಂಬ ಫೈರ್‌ಸ್ಟೋನ್ ಮನವಿಯನ್ನು 2002ರಲ್ಲಿ ತಳ್ಳಿಹಾಕಿತು. ಫೋರ್ಡ್ ಸಹ 2000ದಲ್ಲೇ ತನ್ನ ಸೂಚನೆಯನ್ನು 30ಕ್ಕೆ ಏರಿಸಿತ್ತು. 2001ರ ಮೇ ತಿಂಗಳಲ್ಲಿ ಎರಡೂ ಕಂಪನಿಗಳ ಸುಮಾರು ನೂರು ವರ್ಷದ ಸಂಬಂಧ ಮುರಿದುಬಿತ್ತು. ಇವು ಬೀಗರ ಮನೆಗಳೂ ಹೌದು. ಫೈರ್‌ಸ್ಟೋನ್ ಸಂಸ್ಥಾಪಕನ ಮೊಮ್ಮಗಳನ್ನು 1947ರಲ್ಲಿ ಹೆನ್ರಿ ಫೋರ್ಡನ ಮೊಮ್ಮಗನಿಗೆ ಕೊಟ್ಟಿತ್ತು!

ಈ ದುರಂತದ ಫಲವಾಗಿ 2000ದ ನವೆಂಬರಿನಲ್ಲಿ ಅಮೆರಿಕದಲ್ಲಿ ಹೊಸ ಕಾಯಿದೆ ಬಂತು. ಗಾಳಿ ಕಡಿಮೆಯಾದರೆ ಚಾಲಕನ ಮುಂದೆ ದೀಪ ಹೊತ್ತಬೇಕು ಎಂಬುದು ಅದರ ಒಂದು ಅಂಶ. ಇಂಥ ಏರ್ಪಾಡು 1986ರ ಪೋರ್ಷೆ 959 ಎಂಬ ದುಬಾರಿ ಕಾರಿನಲ್ಲಿಯೇ ಇತ್ತು. 2007ರ ಸೆಪ್ಟೆಂಬರಿನಿಂದ ಅಮೆರಿಕದ ಎಲ್ಲ ಹೊಸ ಕಾರುಗಳಿಗೂ, 2014ರ ನವೆಂಬರಿನಿಂದ ಯುರೋಪಿನ ಒಕ್ಕೂಟದ ಹೊಸ ಕಾರುಗಳಿಗೂ ಅದು ಕಡ್ಡಾಯವಾಯಿತು. ನಮ್ಮಲ್ಲಿ 2020ರ ನಿಯಮದಂತೆ, ಟ್ಯೂಬ್‌ರಹಿತ ಟೈರು, ಪಂಕ್ಚರ್ ದುರಸ್ತಿ ಪೆಟ್ಟಿಗೆ ಮತ್ತು ಈ ಒತ್ತಡದ ಎಚ್ಚರಿಕೆ ಮೂರೂ ಇದ್ದರೆ ಕಾರಿನಲ್ಲಿ ಸ್ಟೆಪ್ನಿ ಇಡಲೇಬೇಕಾಗಿಲ್ಲ.

ಈಗ ನನ್ನ ಹಿರಿಯೂರಿನ ತಪ್ಪಿಗೆ ಬರೋಣ. ಪಿ.ಯು.ಸಿ. ವಿಜ್ಞಾನದ ವಿದ್ಯಾರ್ಥಿಗಳು ಪೆನ್ಸಿಲ್ ತೆಗೆದುಕೊಳ್ಳಿ. ಗೇಜು ತೋರಿಸುವುದು ಹೊರಗಿನ ಗಾಳಿಗಿಂತ ಒಳಗೆ ಎಷ್ಟು ಹೆಚ್ಚಿದೆ ಎಂಬುದನ್ನು ಮಾತ್ರ. ನಮ್ಮ ಎತ್ತರದಲ್ಲಿ ವಾತಾವರಣದ ಒತ್ತಡ ಸುಮಾರು 13 ಪಿಎಸ್‌ಐ. ಹಾಗಾಗಿ ಗೇಜು 30 ಎಂದಾಗ ನಿಜವಾದ ಒತ್ತಡ 43. ಬೆಳಗಿನ ಉಷ್ಣತೆ 22 ಡಿಗ್ರಿ, ಎಂದರೆ 295 ಕೆಲ್ವಿನ್. ಮಧ್ಯಾಹ್ನ ಗೇಜು 35, ನಿಜ ಒತ್ತಡ 48. ಟೈರಿನ ಗಾತ್ರ ಹೆಚ್ಚುಕಡಿಮೆ ಬದಲಾಗದ್ದರಿಂದ ಒತ್ತಡ ಉಷ್ಣತೆಗೆ ಅನುಪಾತದಲ್ಲಿದೆ. 295ನ್ನು 48ರಿಂದ ಗುಣಿಸಿ 43ರಿಂದ ಭಾಗಿಸಿ. 329 ಕೆಲ್ವಿನ್ ಬರುತ್ತದೆ, ಎಂದರೆ 56 ಡಿಗ್ರಿ. ಏಪ್ರಿಲ್ ಹೆದ್ದಾರಿಯಲ್ಲಿ ಟೈರಿನೊಳಗಿನ ಗಾಳಿ ಅಷ್ಟು ಬಿಸಿಯಾಗುವುದು ಸಹಜ. ಅಲ್ಲಿ ನಾನು ಗಾಳಿ ಬಿಟ್ಟು 43ಕ್ಕೆ ತಂದೆ. ಅದು ರಾತ್ರಿ ತಣಿದು ಮತ್ತೆ 295ಕ್ಕೆ ಬಂದಾಗ, 43ನ್ನು 295ರಿಂದ ಗುಣಿಸಿ 329ರಿಂದ ಭಾಗಿಸಿದರೆ ಸುಮಾರು 38.6. ಅದರಲ್ಲಿ ವಾತಾವರಣದ 13 ಕಳೆಯಿರಿ. ಇಪ್ಪತ್ತೈದೂವರೆ!

ಪರೀಕ್ಷೆಯಲ್ಲಿ ಈ ಲೆಕ್ಕವನ್ನು ನಾನು ಹತ್ತು ಸಲ ಮಾಡಿದ್ದೆ. ಬಿಸಿಯಾದಾಗ ಒತ್ತಡ ಏರುವುದನ್ನು ಕಾರು ಮಾಡಿದವರು ಮೊದಲೇ ಲೆಕ್ಕಕ್ಕೆ ಹಿಡಿದಿರುತ್ತಾರೆ. ಅವರು ಕೊಟ್ಟ ಅಂಕಿ ತಣ್ಣಗಿರುವ ಟೈರಿನದು. ಎಂದರೆ, ಕಾರು ಮೂರು ಗಂಟೆಯಾದರೂ ನಿಂತಿರಬೇಕು. ಬಂಕಿಗೆ ಹತ್ತಿಪ್ಪತ್ತು ಕಿಲೋಮೀಟರ್ ಓಡಿಸಿಕೊಂಡು ಹೋಗಿ ನೋಡಿದ ಅಂಕಿಯನ್ನು ಅದರೊಡನೆ ಹೋಲಿಸಲಾಗದು. ಇನ್ನೊಂದು ಸ್ವಾರಸ್ಯ: ಮಂಗಳೂರಿನಲ್ಲಿ ಗಾಳಿ ಹಾಕಿಸಿ ಘಟ್ಟ ಹತ್ತಿ ಬೆಂಗಳೂರಿಗೆ ಬಂದರೆ, ಹೊರಗಿನ ಗಾಳಿಯ ಒತ್ತಡ ಕಡಿಮೆಯಾದ್ದರಿಂದ ಗೇಜು ಸುಮಾರು ಒಂದೂವರೆ ಪಿಎಸ್‌ಐ ಹೆಚ್ಚು ತೋರಿಸಬೇಕು. ಆದರೆ ಬೆಂಗಳೂರಿನ ತಂಪು ಅದರಲ್ಲೊಂದಷ್ಟನ್ನು ತಿಂದುಹಾಕುತ್ತದೆ. ನೈಟ್ರೋಜನ್ ತುಂಬಿಸಿ ವಾಲ್ವಿಗೆ ಹಸಿರು ಟೋಪಿ ಹಾಕಿದರೂ ಈ ನಿಯಮ ಬದಲಾಗುವುದಿಲ್ಲ. ಹೇಗೂ ಮಾಮೂಲಿ ಗಾಳಿಯಲ್ಲೇ ನೂರಕ್ಕೆ ಎಪ್ಪತ್ತೆಂಟು ಪಾಲು ನೈಟ್ರೋಜನ್ನೇ ಇದೆ.

ಹಾಗಾದರೆ ನಿಮ್ಮ ಮನೆಯ ಕಾರಿನ ಅಂಕಿ ಎಷ್ಟು? ಅದನ್ನು ನಾನು ಇಲ್ಲಿ ಹೇಳಲಾರೆ. ಚಾಲಕನ ಬಾಗಿಲು ತೆರೆದು ಅದರ ಅಂಚನ್ನೋ ಕಂಬವನ್ನೋ ನೋಡಿ. ಕೆಲವು ಕಾರುಗಳಲ್ಲಿ ಪೆಟ್ರೋಲ್ ಮುಚ್ಚಳದ ಒಳಗಿರುತ್ತದೆ. ಪುಟ್ಟ ಚೀಟಿಯಲ್ಲಿ ಮುಂದಕ್ಕೆ ಇಷ್ಟು, ಹಿಂದಕ್ಕೆ ಇಷ್ಟು, ಜನ ತುಂಬಿದರೆ ಇಷ್ಟು ಎಂದು ಬರೆದಿರುತ್ತದೆ. ಟೈರಿನ ಗೋಡೆಯ ಮೇಲೆ ಅಚ್ಚಾಗಿರುವ ದೊಡ್ಡ ಅಂಕಿಯನ್ನು ನೋಡಿ ಹಾಕಿಸಬೇಡಿ. ಅದು ಆ ಟೈರಿನ ಗರಿಷ್ಠ ಮಿತಿ. ಅದೇ ಟೈರನ್ನು ಬೇರೆ ಬೇರೆ ತೂಕದ ನಾಲ್ಕು ಕಾರುಗಳಿಗೆ ಹಾಕಬಹುದು, ಟೈರಿಗೆ ನಿಮ್ಮ ಕಾರು ಗೊತ್ತಿಲ್ಲ.

ಕಾರಿನಲ್ಲಿ ಎಚ್ಚರಿಕೆಯ ದೀಪ ಇದೆಯಲ್ಲ ಎನ್ನುವಿರಾದರೆ, ಅಮೆರಿಕದ ನಿಯಮದಂತೆ ಅದು ಹೊತ್ತಬೇಕಾದದ್ದು ಚೀಟಿಯ ಅಂಕಿಗಿಂತ ನೂರಕ್ಕೆ ಇಪ್ಪತ್ತೈದು ಪಾಲು ಕಡಿಮೆಯಾದಾಗ. 30ಕ್ಕೆ ಲೆಕ್ಕ ಹಾಕಿದರೆ 22.5. ಅಂದು ಚಿತ್ರದುರ್ಗದಲ್ಲಿ ನಮ್ಮ ಕಾರಿಗೆ ಅಂಥ ದೀಪ ಇದ್ದಿದ್ದರೂ ಇಪ್ಪತ್ತೈದೂವರೆಗೆ ಅದು ಸುಮ್ಮನೆ ಇರುತ್ತಿತ್ತು. ನಾವು ಹಾಗೆಯೇ ಮಧ್ಯಾಹ್ನದ ಬಿಸಿಲಿನಲ್ಲಿ, ಐದು ಜನ ಮತ್ತು ಕ್ಯಾಮೆರಾ ಪೆಟ್ಟಿಗೆಗಳ ಸಮೇತ, ಹೆದ್ದಾರಿಗೆ ಇಳಿಯುತ್ತಿದ್ದೆವು. ಚಾಲಕರು ನನ್ನನ್ನೇನೂ ಅನ್ನಲಿಲ್ಲ. ಊರಿನ ಪಂಕ್ಚರ್ ಅಂಗಡಿ ಬೆಳಿಗ್ಗೆ ಏಳಕ್ಕೇ ತೆರೆದಿತ್ತು, ಕಾರನ್ನು ಅಲ್ಲಿಗೆ ಒಯ್ದು ನಾಲ್ಕಕ್ಕೂ ಮೂವತ್ತು ಹಾಕಿಸಿಕೊಂಡು ಬಂದರು. ಗೇಜನ್ನು ಮಾತ್ರ ಅಂದಿನಿಂದ ತಮ್ಮ ಜೇಬಿನಲ್ಲೇ ಇಟ್ಟುಕೊಂಡರು.